ಸೋದರಮಾವನ ಅಪ್ಪಣೆ



ಗ್ರೀಕ್ ರುದ್ರನಾಟಕ ಮೈಸೂರಿನ ದಾರಿಯಿಂದ ಕನ್ನಡಕ್ಕೆ ಬಂತೆಂದು ನಾವೆಲ್ಲ ಓದಿಕೊಂಡು ಬಂದಿದ್ದೇವೆ. ಆ ದಾರಿಯಲ್ಲಿ ಧಾರವಾಡವೂ ಮತ್ತೆ ಮತ್ತೆ ಸಿಗುತ್ತದೆ. ಬಿ.ಎಂ. ಶ್ರೀಕಂಠಯ್ಯನವರು 1911ರಲ್ಲಿ ಈ ಊರಿಗೆ ಬಂದು ವಿದ್ಯಾವರ್ಧಕ ಸಂಘದಲ್ಲಿ ‘ಕನ್ನಡ ಮಾತು ತಲೆ ಎತ್ತುವ ಬಗೆ’ ಎಂಬ ಉಪನ್ಯಾಸ ಕೊಟ್ಟರು. 1929ರಲ್ಲಿ ಸೊಫೊಕ್ಲಿಸನ ‘ಏಜಾಕ್ಸ್’ ನಾಟಕವನ್ನು ಮಹಾಭಾರತದೊಳಕ್ಕೆ ತಂದು ‘ಅಶ್ವತ್ಥಾಮನ್’ ಬರೆದರು. 1935ರಲ್ಲಿ ಈಸ್ಕಿಲಸನ ನಾಟಕ ‘ಪಾರಸಿಕರು’ ಆಗಿ ಬಂತು. ಕೊನೆಗಾಲದಲ್ಲಿ ಇಲ್ಲಿಯ ಕಾಲೇಜೊಂದರ ಪ್ರಿನ್ಸಿಪಾಲರಾಗಿದ್ದು, 1946ರ ಜನವರಿಯಲ್ಲಿ ಇಲ್ಲೇ ತೀರಿಕೊಂಡರು. ಅಷ್ಟರ ಮಟ್ಟಿಗೆ ನಾವು ಜಂಬಪಟ್ಟುಕೊಂಡರೆ ಮೈಸೂರಿನವರು ಬೇಸರ ಮಾಡಿಕೊಳ್ಳಬಾರದು.

ಶ್ರೀಕಂಠಯ್ಯನವರು ಆರಿಸಿಕೊಂಡ ಎರಡೂ ನಾಟಕಗಳು ಗಂಡಸರ ಸೋಲು, ಗಂಡಸರ ಅವಮಾನದ ಸುತ್ತ ಕಟ್ಟಿದವು. ‘ಅಶ್ವತ್ಥಾಮನ್’ನ ಭಾರ್ಗವಿ ಗಂಡನನ್ನು ಉಳಿಸಿಕೊಳ್ಳಲು ಅಂಗಲಾಚುತ್ತಾಳೆ. ಪಾರಸಿಕರ ರಾಜಮಾತೆ ಸೋತು ಹರಕು ಬಟ್ಟೆಯಲ್ಲಿ ಬರುತ್ತಿರುವ ಮಗನಿಗೆ ಒಳ್ಳೆಯ ಉಡುಪು ತರಲು ಹೋಗುತ್ತಾಳೆ. ಇಬ್ಬರೂ ಘನವಾದ ಹೆಣ್ಣುಗಳೇ. ಆದರೆ ಅಪ್ಪಣೆ ಮೀರಿದವರು ಆಚೆಯೇ ಉಳಿದರು: ಅಂತಿಗೊನೆ, ಕ್ಲೈತೆಮ್ನೆಸ್ತ್ರಾ, ಮೀಡಿಯಾ. ಮುಂದೆ ಪಿ. ಲಂಕೇಶರು ‘ದೊರೆ ಈಡಿಪಸ್’ ಜತೆಗೆ ‘ಅಂತಿಗೊನೆ’ಯನ್ನೂ ಕನ್ನಡಿಸಿದರು. ಅಲ್ಲಿಂದೀಚೆಗೆ ಇವರೆಲ್ಲ ನಮ್ಮ ಕಾಲೇಜುಗಳ ಪಾಠಕ್ಕೂ ಬಂದರು, ಪರೀಕ್ಷೆಯ ಪ್ರಶ್ನೆಪತ್ರಿಕೆಗೂ ಬಂದರು. ಬಂದಾಗಿನಿಂದ ಅವರಿಗೆಲ್ಲ ಒಂದೇ ಪಟ್ಟ: ಬಂಡಾಯದ ಹೆಣ್ಣು.

ಈ ಪಟ್ಟದ ಬಗ್ಗೆ ನನಗೆ ತಕರಾರಿದೆ. ಬಂಡಾಯವೆಂದರೆ ಮನೆ ಬಿಟ್ಟು ಹೊರಬೀಳುವುದು, ಹೊಸ ಮಾತು ಆಡುವುದು ಎಂಬ ಕಲ್ಪನೆ ನಮ್ಮದು. ಇವರಲ್ಲಿ ಹೆಚ್ಚಿನವರು ಮನೆ ಬಿಟ್ಟವರಲ್ಲ. ಮನೆ ತಮಗೆ ಒಪ್ಪಿಸಿದ ಕೆಲಸವನ್ನೇ ಮಾಡಿದವರು. ಸತ್ತವರನ್ನು ಮಣ್ಣು ಮಾಡುವುದು, ಹೆತ್ತ ಮಗುವಿಗಾಗಿ ಲೆಕ್ಕ ಕೇಳುವುದು, ಮನೆತನದ ಕುಡಿ ಉಳಿಸುವುದು, ಕೊಟ್ಟ ಮಾತು ನಡೆಸುವುದು. ಆಳುವವರು ‘ಇಷ್ಟು ಸಾಕು, ಇಲ್ಲಿಗೆ ನಿಲ್ಲಿಸು’ ಎಂದ ಕಡೆ ಇವರು ನಿಲ್ಲಲಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಅದಕ್ಕೆ ಅಥೆನ್ಸಿನಿಂದ ಕಿತ್ತೂರಿಗೂ, ಕಿತ್ತೂರಿನಿಂದ ಸುಭಾಸ ರೋಡಿನ ಮನೋಹರ ಗ್ರಂಥಮಾಲೆಯ ಅಟ್ಟಕ್ಕೂ ಓಡಾಡಬೇಕಾಗುತ್ತದೆ.

ಮೊದಲು ಸೊಫೊಕ್ಲಿಸನ ‘ಅಂತಿಗೊನೆ’. ಕಥೆ ಗೊತ್ತಿಲ್ಲದವರಿಗಾಗಿ ಚುಟುಕಾಗಿ ಹೇಳುತ್ತೇನೆ. ಥೀಬ್ಸ್ ಎಂಬ ಊರು. ಈಡಿಪಸನ ಇಬ್ಬರು ಗಂಡುಮಕ್ಕಳು ಗಾದಿಗಾಗಿ ಹೊಡೆದಾಡಿ ಒಬ್ಬರ ಕೈಯಲ್ಲಿ ಒಬ್ಬರು ಸತ್ತರು. ಎಟಿಯೊಕ್ಲಿಸ್ ಊರಿನ ಪರ ನಿಂತಿದ್ದವನು, ಪಾಲಿನೈಸಿಸ್ ಹೊರಗಿನ ದಂಡು ಕಟ್ಟಿಕೊಂಡು ಬಂದವನು. ಗಾದಿಗೆ ಬಂದ ಕ್ರೆಯೋನ್ ಮೊದಲನೆಯವನಿಗೆ ಸಕಲ ಮರ್ಯಾದೆಯ ಸಂಸ್ಕಾರ ಮಾಡಿಸಿದ. ಎರಡನೆಯವನ ಹೆಣವನ್ನು ನಾಯಿ-ಹದ್ದುಗಳಿಗೆ ಬಿಡಬೇಕು, ಮಣ್ಣು ಕೊಟ್ಟವರಿಗೆ ಮರಣವೇ ಶಿಕ್ಷೆ ಎಂದು ಡಂಗುರ ಹೊಡೆಸಿದ. ತಂಗಿ ಅಂತಿಗೊನೆ ಹೋಗಿ ಮಣ್ಣು ಕೊಟ್ಟಳು. ಕಾವಲಿನವರು ಆ ಮಣ್ಣನ್ನು ಝಾಡಿಸಿ ಹೆಣವನ್ನು ಮತ್ತೆ ಬಯಲಿಗಿಟ್ಟರು. ಸುಡು ಮಧ್ಯಾಹ್ನ, ಧೂಳಿನ ಸುಂಟರಗಾಳಿ ಎದ್ದು ಇಳಿಯುವ ಹೊತ್ತಿಗೆ ಅವಳು ಮತ್ತೆ ಬಂದಳು. ಬರಿಗೈಯಿಂದ ಮಣ್ಣು ಎರಚಿ, ಕಂಚಿನ ತಂಬಿಗೆಯಿಂದ ಮೂರು ಸಲ ತರ್ಪಣ ಬಿಟ್ಟಳು. ಹಿಡಿದಾಗ ಓಡಲಿಲ್ಲ, ಮಾಡಿದ್ದನ್ನು ಇಲ್ಲವೆನ್ನಲಿಲ್ಲ.

ಹೆಗೆಲ್‌ನಿಂದ ಹಿಡಿದು ಯುರೋಪಿನ ಪಂಡಿತರು ಇದನ್ನು ರಾಜ್ಯಕ್ಕೂ ಕುಟುಂಬಕ್ಕೂ ಬಿದ್ದ ಜಗಳ ಎಂದು ಓದಿದರು. ನಮ್ಮ ಕಡೆಯ ಒಬ್ಬ ಹಿರಿಯ ಹೆಣ್ಣುಮಗಳ ಮುಂದೆ ಈ ಕಥೆ ಹೇಳಿ ನೋಡಿ. ಅವಳು ರಾಜ್ಯ, ಕುಟುಂಬ ಎನ್ನುವುದಿಲ್ಲ. ‘ಆ ಕ್ರೆಯೋನ ಅಕೀಗೆ ಏನಾಗ್ಬೇಕ್ರಿ?’ ಎಂದು ಕೇಳುತ್ತಾಳೆ. ಕ್ರೆಯೋನ್ ಅಂತಿಗೊನೆಯ ತಾಯಿ ಯೊಕಾಸ್ಟೆಯ ಒಡಹುಟ್ಟಿದವನು, ಅಂದರೆ ಸೋದರಮಾವ. ಅವನ ಮಗ ಹೀಮನ್‌ಗೆ ಅವಳನ್ನು ಕೊಡುವುದು ನಿಶ್ಚಯವಾಗಿದೆ. ಹೀಗೆ ಹೇಳಿದ ಕ್ಷಣಕ್ಕೆ ಈ ಭಾಗದ ಕೇಳುಗರಿಗೆ ನಾಟಕ ಎರಡೂವರೆ ಸಾವಿರ ವರ್ಷ ಹತ್ತಿರಕ್ಕೆ ಬರುತ್ತದೆ. ಜಾವಳ ತೆಗೆಯುವಾಗ ಕೂಸು ಕೂಡುವುದು ಸೋದರಮಾವನ ತೊಡೆಯ ಮೇಲೆ. ಮದುವೆಯಲ್ಲಿ ಅವನಿಲ್ಲದೆ ಅಕ್ಕಿಕಾಳು ಬೀಳುವುದಿಲ್ಲ. ತಂದೆ ತಾಯಿ ಇಬ್ಬರೂ ಇಲ್ಲದ ಹುಡುಗಿಗೆ ಅವನೇ ತವರು. ಅವಳನ್ನು ತಡೆದವನು ದೊರೆ ಮಾತ್ರ ಆಗಿದ್ದರೆ ಕಥೆ ಬೇರೆಯಾಗುತ್ತಿತ್ತು. ಹಾಡಿನಲ್ಲಿ ಹೊಗಳಿಸಿಕೊಳ್ಳುವ ಸ್ಥಾನದಲ್ಲಿ ಇರಬೇಕಾದವನು ಹೆಣದ ಸುತ್ತ ಕಾವಲು ಹಾಕಿದ್ದಾನೆ. ಪಾಲಿನೈಸಿಸನೂ ಅವನ ಅಳಿಯನೇ, ಅಕ್ಕತಂಗಿಯ ಹೊಟ್ಟೆಯಲ್ಲಿ ಹುಟ್ಟಿದವನೇ. ಇಂಗ್ಲಿಷಿನಲ್ಲಿ ಓದುವಾಗ ಕ್ರೆಯೋನ್ ಬರೇ ‘ಅಂಕಲ್’ ಆಗಿ ಹಿಂದೆ ಸರಿದುಬಿಡುತ್ತಾನೆ, ಕಿರೀಟವೊಂದೇ ಕಾಣುತ್ತದೆ.

ಇನ್ನೊಂದು ಜಾಗವಿದೆ, ಯುರೋಪಿನ ಪಂಡಿತರು ಮುಖ ಸಿಂಡರಿಸಿದ ಜಾಗ. ಸಾಯಲು ಹೊರಟ ಅಂತಿಗೊನೆ ತನ್ನ ನಿರ್ಧಾರಕ್ಕೆ ಒಂದು ಕಾರಣ ಕೊಡುತ್ತಾಳೆ. ಗಂಡ ಸತ್ತರೆ ಇನ್ನೊಬ್ಬ ಗಂಡ ಸಿಕ್ಕಾನು, ಮಗು ಹೋದರೆ ಇನ್ನೊಂದು ಮಗು ಆದೀತು, ತಂದೆ ತಾಯಿ ಮಣ್ಣಾದ ಮೇಲೆ ಅಣ್ಣನೆಂಬವನು ಮತ್ತೆ ಹುಟ್ಟುವುದಿಲ್ಲ ಎಂಬುದು ಅದರ ಸಾರಾಂಶ. ಜರ್ಮನ್ ಕವಿ ಗಯಟೆಗೆ ಈ ಮಾತು ಎಷ್ಟು ಅಸಹ್ಯವೆನಿಸಿತೆಂದರೆ, ಇದು ಸೊಫೊಕ್ಲಿಸನದೇ ಅಲ್ಲ, ಯಾರೋ ತುರುಕಿದ್ದು ಎಂದು ಯಾರಾದರೂ ಪಂಡಿತ ಸಾಧಿಸಿ ತೋರಿಸಲಿ ಎಂದು 1827ರಲ್ಲಿ ಆಸೆಪಟ್ಟ. ಆದರೆ ಅರಿಸ್ಟಾಟಲನ ಕಾಲಕ್ಕೇ ಆ ಮಾತು ನಾಟಕದಲ್ಲಿತ್ತು, ಅವನೇ ಅದನ್ನು ಉದಾಹರಣೆಯಾಗಿ ಎತ್ತಿಕೊಂಡಿದ್ದಾನೆ. ಹೆರೊಡೊಟಸ್ ಇದೇ ತರ್ಕವನ್ನು ಒಬ್ಬ ಪರ್ಶಿಯನ್ ಹೆಣ್ಣಿನ ಬಾಯಲ್ಲಿ ಆಡಿಸುತ್ತಾನೆ. ನಮ್ಮ ದೇಶದ ಉಚ್ಛಂಗ ಜಾತಕದಲ್ಲಿ ಗಂಡ, ಮಗ, ಅಣ್ಣ ಮೂವರೂ ಸೆರೆಯಾದಾಗ ಒಬ್ಬನನ್ನು ಆರಿಸಿಕೋ ಎಂದ ರಾಜನಿಗೆ ಹೆಣ್ಣೊಬ್ಬಳು ಅಣ್ಣನನ್ನು ಬಿಡಿಸಿಕೊಡು ಎನ್ನುತ್ತಾಳೆ, ಕಾರಣವೂ ಅದೇ.

ಗಯಟೆಗೆ ಹಲಸಂಗಿಯ ಗೆಳೆಯರ ಪರಿಚಯವಿದ್ದಿದ್ದರೆ ಇಷ್ಟು ಪೇಚಾಟ ಆಗುತ್ತಿರಲಿಲ್ಲ. ಅವರು ಸಂಗ್ರಹಿಸಿ 1931ರಲ್ಲಿ ತಂದ ‘ಗರತಿಯ ಹಾಡು’ ಸಂಕಲನವನ್ನು ಯಾವ ಪುಟದಲ್ಲಿ ತೆರೆದರೂ ಒಂದಲ್ಲ ಒಂದು ಕಡೆ ಅಣ್ಣ ಸಿಗುತ್ತಾನೆ. ಪಂಚಮಿಗೆ ಕರೆಯಲು ಬರುವವನು, ಬಾರದಿದ್ದರೆ ಹೊಸ್ತಿಲ ಮೇಲೆ ನಿಂತು ದಾರಿ ಕಾಯಿಸುವವನು. ಬೀಸುಕಲ್ಲಿನ ಮುಂದೆ ಕೂತು ಹಾಡಿದ ಹೆಣ್ಣುಮಕ್ಕಳಿಗೆ ಗಂಡ ಕೊಟ್ಟ ಮನೆಯ ಭಾಗ್ಯ, ಅಣ್ಣ ಹುಟ್ಟಿದ ಮನೆಯ ಬೇರು. ಆ ಬೇರನ್ನು ಬಯಲಿನಲ್ಲಿ ಕೊಳೆಯಲು ಬಿಟ್ಟಾಗ ಹುಡುಗಿ ಯಾವ ಲೆಕ್ಕ ಹಾಕುತ್ತಾಳೆ ಎಂಬುದು ಅವರಿಗೆ ಒಗಟಲ್ಲ. ಅಂತಿಗೊನೆ ಇನ್ನೂ ಒಂದು ಮಾತು ಹೇಳುತ್ತಾಳೆ, ಅದನ್ನು ನಾವು ಸಾಮಾನ್ಯವಾಗಿ ದಾಟಿಹೋಗುತ್ತೇವೆ. ಸತ್ತ ತಂದೆತಾಯಿಯ ಮೈ ತೊಳೆದವಳು, ಉಡಿಸಿದವಳು, ತರ್ಪಣ ಬಿಟ್ಟವಳು ಅವಳೇ. ಆಗ ಯಾರೂ ಬೇಡವೆನ್ನಲಿಲ್ಲ, ಅದು ಅವಳ ಕೆಲಸವೇ ಆಗಿತ್ತು. ಅದೇ ಕೈ, ಅದೇ ತಂಬಿಗೆ. ಈ ಸಲ ಮಾತ್ರ ಅಪರಾಧವಾಯಿತು.

ಅಥೆನ್ಸಿನ ರಾಜ್ಯಕ್ಕೆ ಹೆಣ್ಣಿನ ಅಳುವಿನ ಬಗ್ಗೆ ಮೊದಲಿಂದಲೂ ಅಂಜಿಕೆ. ಸೊಲೋನ್ ಎಂಬ ಶಾಸನಕರ್ತ ಕ್ರಿಸ್ತಪೂರ್ವ ಆರನೆಯ ಶತಮಾನದ ಆರಂಭದಲ್ಲೇ ಸಾವಿನ ಮನೆಯಲ್ಲಿ ಹೆಂಗಸರು ಮೈ ಪರಚಿಕೊಂಡು, ಹಾಡಿ ಹಾಡಿ ಅಳುವುದಕ್ಕೆ ಕಡಿವಾಣ ಹಾಕಿದ. ಆಮೇಲೆ ಯುದ್ಧದಲ್ಲಿ ಸತ್ತವರ ಸಂಸ್ಕಾರವನ್ನು ರಾಜ್ಯವೇ ವಹಿಸಿಕೊಂಡಿತು, ಅಳುವಿನ ಜಾಗಕ್ಕೆ ಭಾಷಣ ಬಂತು. ಉತ್ತರ ಕರ್ನಾಟಕದ ಸಾವಿನ ಮನೆಯಲ್ಲಿ ಹೆಂಗಸರು ಹಾಡ್ಯಾಡಿ ಅಳುವುದನ್ನು ಕೇಳಿದವರಿಗೆ ಈ ಅಂಜಿಕೆಯ ಮೂಲ ಗೊತ್ತು. ಸತ್ತವರ ಗುಣ ಹಾಡುತ್ತ ಹಾಡುತ್ತ, ಜಡ್ಡಿನಲ್ಲಿದ್ದಾಗ ಯಾರು ಬಂದು ನೋಡಲಿಲ್ಲ, ಯಾರು ಹೊಲ ಬರೆಸಿಕೊಂಡರು, ಎಲ್ಲ ಹೊರಬೀಳುತ್ತದೆ. ಕಟ್ಟೆಯ ಮೇಲೆ ಕೂತ ಗಂಡಸರು ತಲೆ ತಗ್ಗಿಸಿ ಬೀಡಿ ಹಚ್ಚುತ್ತಾರೆ. ಯಾಕೆಂದರೆ ಆ ಹೊತ್ತಿನಲ್ಲಿ ಅವಳನ್ನು ಸುಮ್ಮನಿರಿಸುವ ಅಧಿಕಾರ ಯಾರಿಗೂ ಇಲ್ಲ.

ಈಗ ಕ್ಲೈತೆಮ್ನೆಸ್ತ್ರಾ. ಟ್ರಾಯ್ ಯುದ್ಧಕ್ಕೆ ಹಡಗು ಹೊರಡಬೇಕು, ಗಾಳಿ ಬೀಸುತ್ತಿಲ್ಲ. ಅವಳ ಗಂಡ, ಸೇನಾಪತಿ ಅಗಮೆಮ್ನನ್, ಗಾಳಿಗಾಗಿ ಸ್ವಂತ ಮಗಳು ಇಫಿಗೇನಿಯಾಳನ್ನು ಬಲಿ ಕೊಡುತ್ತಾನೆ. ಈ ಘಟನೆ ಹೇಳಿದ ಕೂಡಲೇ ನಿಮಗೆ ‘ಕೆರೆಗೆ ಹಾರ’ ನೆನಪಾಗಿರಬೇಕು. ಕಲ್ಲನಕೇರಿ ಮಲ್ಲನಗೌಡ ಕೆರೆ ಕಟ್ಟಿಸಿದ, ನೀರು ಬೀಳಲಿಲ್ಲ, ಕಿರಿಯ ಸೊಸೆ ಭಾಗೀರತಿಯನ್ನು ಹಾರ ಕೊಟ್ಟರು. ಅಲ್ಲಿ ಗಾಳಿ, ಇಲ್ಲಿ ನೀರು. ಎರಡು ಕಡೆಯೂ ಊರ ಹಿತಕ್ಕೆ ಮನೆಯ ಹುಡುಗಿ. ಭಾಗೀರತಿ ತವರಿಗೆ ಹೋಗುತ್ತಾಳೆ, ಹೆತ್ತವರ ಮುಂದೆ ನಿಜ ಬಾಯಿಗೆ ಬರುವುದಿಲ್ಲ. ಗೆಳತಿಗೆ ಹೇಳುತ್ತಾಳೆ, ಗೆಳತಿಯೂ ಕೊಟ್ಟ ಮನೆಯವರು ಇಟ್ಟ ಹಾಗೆ ಇರಬೇಕು ಎನ್ನುತ್ತಾಳೆ. ನಮ್ಮ ಜನಪದ ಹಾಡಿನಲ್ಲಿ ಇದಕ್ಕಿಂತ ಕ್ರೂರವಾದ ಜಾಗವನ್ನು ನಾನು ಓದಿಲ್ಲ. ದಂಡಿನಿಂದ ಬಂದ ಗಂಡ ಮಾದೇವರಾಯ ಸುದ್ದಿ ತಿಳಿದು ಅದೇ ಕೆರೆಗೆ ಹಾರುತ್ತಾನೆ, ಅಂತಿಗೊನೆಯ ಹೆಣವನ್ನಪ್ಪಿ ಸತ್ತ ಹೀಮನ್‌ನ ಹಾಗೆ. ಆದರೆ ಹಾಡಿನಲ್ಲಿ ಭಾಗೀರತಿಯ ಅವ್ವ ಮಲ್ಲನಗೌಡನ ಬಾಗಿಲಿಗೆ ಬಂದು ‘ನನ್ನ ಮಗಳು ಎಲ್ಲಿ?’ ಎಂದು ಕೇಳುವುದಿಲ್ಲ.

ಕ್ಲೈತೆಮ್ನೆಸ್ತ್ರಾ ಕೇಳಿದಳು. ಹತ್ತು ವರ್ಷ ಕಾದು, ಗೆದ್ದು ಬಂದ ಗಂಡನನ್ನು ಜಮಖಾನೆ ಹಾಸಿ ಬರಮಾಡಿಕೊಂಡು, ಸ್ನಾನದ ಮನೆಯಲ್ಲಿ ಕೊಂದಳು. ಕ್ರಿಸ್ತಪೂರ್ವ 458ರಲ್ಲಿ ಈಸ್ಕಿಲಸ್ ಆಡಿಸಿದ ಆ ಮೂರು ನಾಟಕಗಳ ಸರಣಿ ಮುಗಿಯುವುದು ನ್ಯಾಯಾಲಯದಲ್ಲಿ. ತಾಯಿಯನ್ನು ಕೊಂದ ಮಗ ಒರೆಸ್ಟಿಸ್ ಕಟಕಟೆಯಲ್ಲಿದ್ದಾನೆ. ಅವನ ಪರ ವಾದಿಸುವ ಅಪೊಲೊ ದೇವರ ವಾದವೇನು ಗೊತ್ತೇ? ತಾಯಿ ನಿಜವಾದ ಹೆತ್ತವಳೇ ಅಲ್ಲ, ಅಪ್ಪ ಬಿತ್ತಿದ್ದನ್ನು ಕಾಪಾಡುವವಳು ಅಷ್ಟೇ. ಮತಗಳು ಸಮಸಮ ಬಿದ್ದು, ತಾಯಿಯಿಲ್ಲದೆ ಹುಟ್ಟಿದ ಅಥೀನೆ ಗಂಡಿನ ಪರ ಮತ ಹಾಕಿ, ಒರೆಸ್ಟಿಸ್ ಖುಲಾಸೆ. ಸೇಡಿನಿಂದ ಕಾನೂನಿಗೆ ನಡೆದ ಮಹಾಪ್ರಯಾಣ ಎಂದು ಇದನ್ನು ಕೊಂಡಾಡುವುದುಂಟು. ಇರಬಹುದು. ಆದರೆ ಆ ನ್ಯಾಯಾಲಯ ತನ್ನ ಮೊದಲ ತೀರ್ಪಿನಲ್ಲೇ ಒಬ್ಬ ತಾಯಿಯ ಫಿರ್ಯಾದಿಯನ್ನು ವಜಾ ಮಾಡಿತು ಎಂಬುದೂ ಅಷ್ಟೇ ನಿಜ.

ಮೀಡಿಯಾಳನ್ನು ಕನ್ನಡದ ಸಭೆಗಳು ಅಷ್ಟಾಗಿ ಕರೆಯುವುದಿಲ್ಲ. ಅಂತಿಗೊನೆ ಶುದ್ಧ ಹುಡುಗಿ, ಹಾರ ಹಾಕಬಹುದು. ಮೀಡಿಯಾ ಗಂಡನ ಮೇಲಿನ ಸೇಡಿಗೆ ಹೆತ್ತ ಮಕ್ಕಳನ್ನು ಕೊಂದವಳು. ಪರದೇಶದಿಂದ ಗಂಡನ ಹಿಂದೆ ಬಂದು, ಅವನು ಇನ್ನೊಬ್ಬಳನ್ನು ಕಟ್ಟಿಕೊಂಡಾಗ ಊರು ಬಿಡಲು ಆಜ್ಞೆ ಪಡೆದವಳು. ಒಂದೇ ಒಂದು ದಿನದ ಅವಕಾಶ ಕೇಳಿ ಪಡೆದು, ಆ ದಿನದಲ್ಲೇ ಎಲ್ಲವನ್ನೂ ಮುಗಿಸುತ್ತಾಳೆ. ವೈರಿಯ ನಗೆಗೆ ಈಡಾಗಬಾರದು ಎಂಬ ಗ್ರೀಕ್ ವೀರರ ಛಲವನ್ನು ಅವಳು ತನ್ನದಾಗಿಸಿಕೊಂಡಿದ್ದಳು. ಏಜಾಕ್ಸನಲ್ಲಿ ಅದು ವೀರತ್ವವಾದರೆ ಅವಳಲ್ಲಿ ರಾಕ್ಷಸತ್ವ ಹೇಗಾಯಿತು ಎಂದು ಅವಳ ನಾಟಕ ಬರೆದ ಯೂರಿಪಿಡಿಸ್ ಕೇಳುತ್ತಿರುವಂತಿದೆ. ಕ್ರಿಸ್ತಪೂರ್ವ 431ರ ವಸಂತದ ನಾಟಕ ಸ್ಪರ್ಧೆಯಲ್ಲಿ ಅವನಿಗೆ ಮೂರನೆಯ ಸ್ಥಾನ, ಅಂದರೆ ಕೊನೆಯ ಸ್ಥಾನ. ಅದಾದ ಚಳಿಗಾಲದಲ್ಲೇ ಅಥೆನ್ಸಿನ ನಾಯಕ ಪೆರಿಕ್ಲಿಸ್ ಯುದ್ಧದಲ್ಲಿ ಮಡಿದವರ ಶ್ರದ್ಧಾಂಜಲಿ ಭಾಷಣದಲ್ಲಿ ವಿಧವೆಯರಿಗೆ ಬುದ್ಧಿ ಹೇಳಿದನೆಂದು ಇತಿಹಾಸಕಾರ ಥುಸಿಡಿಡಿಸ್ ಬರೆಯುತ್ತಾನೆ: ಗಂಡಸರ ನಾಲಿಗೆಯ ಮೇಲೆ ಹೆಸರು ಬಾರದಿರುವುದೇ ಹೆಣ್ಣಿಗೆ ಕೀರ್ತಿ ಎಂಬರ್ಥದ ಮಾತು.

ಈ ಹೆಣ್ಣುಗಳನ್ನೆಲ್ಲ ಅಥೆನ್ಸಿನಲ್ಲಿ ಆಡಿದವರು ಗಂಡಸರೇ, ಮುಖವಾಡ ಹಾಕಿಕೊಂಡು. ನಮಗಿದು ವಿಚಿತ್ರವಲ್ಲ. ನಮ್ಮ ಕಂಪನಿ ನಾಟಕಗಳ ಮೊದಲ ತಲೆಮಾರಿನಲ್ಲೂ ಸೀತೆ, ದ್ರೌಪದಿಯರೆಲ್ಲ ಮೀಸೆ ಬೋಳಿಸಿಕೊಂಡವರೇ. ಶತಾಯುಷಿ ಏಣಗಿ ಬಾಳಪ್ಪನವರೂ ಹುಡುಗನಾಗಿದ್ದಾಗ ಸ್ತ್ರೀಪಾತ್ರ ಮಾಡಿದವರು. ಆದರೆ ಇಲ್ಲಿಯ ಸಣ್ಣಾಟದ ಅಟ್ಟದ ಮೇಲೆ ಹೆಣ್ಣಿನ 
ಪಾತ್ರವನ್ನು ಹೆಣ್ಣೇ ಮಾಡಿದಳು. ‘ಶ್ರೀಕೃಷ್ಣ ಪಾರಿಜಾತ’ದಲ್ಲಿ ಕೌಜಲಗಿ ನಿಂಗಮ್ಮ ಊರೂರು ಗೆದ್ದರು. ಆ ಕಲಾವಿದೆಯರಿಗೆ ಸಮಾಜ ಹಗಲಿನಲ್ಲಿ ಕೊಟ್ಟ ಮರ್ಯಾದೆ ಎಷ್ಟು ಎಂದು ಕೇಳಬೇಡಿ. ರಾತ್ರಿ ಬೆಳತನಕ ಎಲ್ಲರೂ ಕೇಳಿದ್ದು ಅವರ ದನಿಯನ್ನೇ. ‘ಸಂಗ್ಯಾ ಬಾಳ್ಯಾ’ ಎಂಬ ಇನ್ನೊಂದು ಸಣ್ಣಾಟವಿದೆ. ಗಂಗಿ ಎಂಬ ಹೆಣ್ಣಿನ ಆ ಆಟಕ್ಕೆ ಇಬ್ಬರು ಗಂಡಸರ ಹೆಸರು ಇಟ್ಟಿದ್ದೇಕೆ ಎಂಬುದು ಬೇರೆಯೇ ಒಂದು ಉಪನ್ಯಾಸಕ್ಕೆ ಸಾಕು.

ಸಂಗ್ಯಾ ಬಾಳ್ಯಾ ಕಥೆ ನಡೆದದ್ದು ಬೈಲಹೊಂಗಲದಲ್ಲಿ. ಅದೇ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿಯಲ್ಲಿ ಕಿತ್ತೂರ ಚೆನ್ನಮ್ಮ ತೀರಿಕೊಂಡಳು. ಹುಬ್ಬಳ್ಳಿಯವರು ದಿನಾ ಸುತ್ತು ಹಾಕುವ ಸರ್ಕಲ್ಲಿನಲ್ಲಿ ಅವಳು ಕುದುರೆಯ ಮೇಲೆ ಕೈಯಲ್ಲಿ ಕತ್ತಿ ಹಿಡಿದು ಕೂತಿದ್ದಾಳೆ. ಆ ಮೂರ್ತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಜಗಳ ಶುರುವಾದದ್ದು ಕತ್ತಿಯಿಂದಲ್ಲ, ಒಂದು ಕಾಗದದಿಂದ. ಅವಳ ಗಂಡ ಮಲ್ಲಸರ್ಜ ದೇಸಾಯಿ 1816ರಲ್ಲಿ ತೀರಿಕೊಂಡಿದ್ದ. ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಗಾದಿಗೆ ಬಂದು, 1824ರ ಸೆಪ್ಟೆಂಬರಿನಲ್ಲಿ ಅವನೂ ಮಕ್ಕಳಿಲ್ಲದೆ ಹೋದ. ಸಾಯುವ ಮುಂಚೆ ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತಕ ತೆಗೆದುಕೊಂಡಿದ್ದಾನೆ ಎಂದು ಕಿತ್ತೂರಿನವರು. ಕಾಗದದ ಮೇಲಿನ ಸಹಿಯೇ ಸಂಶಯದ್ದು, ಈಸ್ಟ್ ಇಂಡಿಯಾ ಕಂಪನಿಯ ಅನುಮತಿಯೂ ಇಲ್ಲ ಎಂದು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಠ್ಯಾಕರೆ. ಇಂಗ್ಲಿಷ್ ಕಾದಂಬರಿಕಾರ ಠ್ಯಾಕರೆಗೆ ಈತ ಚಿಕ್ಕಪ್ಪನಾಗಬೇಕು. ಅವನು ಖಜಾನೆಗೆ ಬೀಗ ಹಾಕಿ ಕಾವಲಿಟ್ಟ.

ಚೆನ್ನಮ್ಮ ಸತ್ತವನ ಮಲತಾಯಿ, ಮನೆಯ ಹಿರಿಯ ಹೆಣ್ಣು. ಮನೆತನದ ದೀಪ ಆರದಂತೆ ನೋಡಿಕೊಳ್ಳುವುದು ನಿನ್ನ ಧರ್ಮ ಎಂದು ಅವಳಿಗೆ ಶಾಸ್ತ್ರವೂ ಲೋಕವೂ ಹೇಳಿಕೊಟ್ಟಿದ್ದವು. ದತ್ತಕವೂ ಶಾಸ್ತ್ರ ಒಪ್ಪಿದ್ದೇ. ಅರ್ಜಿ ಬರೆಸಿದಳು, ಕೇಳುವವರಿರಲಿಲ್ಲ. 1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ಕಾಳಗವಾಗಿ ಠ್ಯಾಕರೆ ಸತ್ತ. ಸ್ಟೀವನ್ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆ ಸಿಕ್ಕರು. ಈ ವಾಲ್ಟರ್ ಎಲಿಯಟ್ಟೇ ಮುಂದೆ ನಮ್ಮ ನಾಡಿನ ಶಾಸನಗಳ ಪ್ರತಿಗಳನ್ನು ಕೂಡಿಹಾಕಿದವನು. ಕಿತ್ತೂರಿನವರು ಅವನನ್ನು ಜೀವಂತ ಬಿಟ್ಟದ್ದರಿಂದ ಕರ್ನಾಟಕದ ಇತಿಹಾಸಕ್ಕೂ ಲಾಭವಾಯಿತು. ಡಿಸೆಂಬರ್ ಮೊದಲ ವಾರದಲ್ಲಿ ದೊಡ್ಡ ದಂಡು ಬಂದು ಕೋಟೆ ಬಿತ್ತು.

ಇಲ್ಲಿ ಅಂತಿಗೊನೆ ಮತ್ತು ಚೆನ್ನಮ್ಮ ಒಬ್ಬರೇ ಎಂದು ನಾನು ಹೇಳುತ್ತಿಲ್ಲ. ಒಬ್ಬಳು ಕವಿ ಕಟ್ಟಿದ ಹುಡುಗಿ, ಇನ್ನೊಬ್ಬಳು ದಂಡು ನಡೆಸಿದ ರಾಣಿ. ಆದರೆ ಇಬ್ಬರೂ ಹೊಸ ಹಕ್ಕು ಕೇಳಲಿಲ್ಲ. ಒಬ್ಬಳು ಸತ್ತವನಿಗೆ ಸಲ್ಲಬೇಕಾದದ್ದನ್ನು ಕೇಳಿದಳು, ಇನ್ನೊಬ್ಬಳು ಸತ್ತವನ ಬೆನ್ನಿಗೆ ಬರಬೇಕಾದ ಮಗನನ್ನು. ಎರಡನ್ನೂ ತಡೆದದ್ದು ನಿನ್ನೆ ಮೊನ್ನೆ ಬಂದ ಆಡಳಿತದ ಹೊಸ ಹುಕುಂ. ಚೆನ್ನಮ್ಮನ ಮೇಲೆ ಲಾವಣಿಗಳು ಬಂದವು, ಕಂಪನಿ ನಾಟಕಗಳು ಬಂದವು, 1961ರಲ್ಲಿ ಬಿ.ಆರ್. ಪಂತುಲು ಅವರ ಸಿನಿಮಾ ಬಂತು, ಬಿ. ಸರೋಜಾದೇವಿ ಗರ್ಜಿಸಿದರು. ಎಲ್ಲದರಲ್ಲೂ ಕಪ್ಪ-ಕಾಣಿಕೆಯ ಪ್ರಶ್ನೆ ಮುಂದಾಗಿ, ದತ್ತಕದ ಕಾಗದ ಹಿಂದಾಯಿತು. ಕಾಗದ ಹಿಡಿದ ರಾಣಿಗೆ ಚಪ್ಪಾಳೆ ಬೀಳುವುದಿಲ್ಲ, ನಾಟಕದವರಿಗೆ ಅದು ಗೊತ್ತು. ಆದರೆ 1858ರಲ್ಲಿ ನರಗುಂದದ ಬಾಬಾಸಾಹೇಬ ಬಂಡೆದ್ದಾಗಲೂ ಬೆಂಕಿಯ ಬುಡದಲ್ಲಿದ್ದದ್ದು ಇದೇ ದತ್ತಕದ ನಿರಾಕರಣೆ. ಸಂಸ್ಥಾನಿಕರಿಗೆ ದತ್ತಕದ ಸನದು ಕೊಡಲು ಇಂಗ್ಲಿಷರು ಮನಸ್ಸು ಮಾಡಿದ್ದು 1860ರ ದಶಕದಲ್ಲಿ. ಅಷ್ಟು ಹೊತ್ತಿಗೆ ಕಿತ್ತೂರು ಬರೀ ಹಾಳು ಕೋಟೆ.

ಹೀಗೆ ತಡವಾಗಿ ತಿದ್ದಿಕೊಳ್ಳುವುದನ್ನು ಸೊಫೊಕ್ಲಿಸ್ ಎಷ್ಟು ಸೂಕ್ಷ್ಮವಾಗಿ ಬರೆದಿದ್ದಾನೆ ನೋಡಿ. ಹುಡುಗಿಯನ್ನು ಗುಹೆಯಲ್ಲಿಟ್ಟು ಬಾಗಿಲು ಕಟ್ಟಿಸುವಾಗ ಕ್ರೆಯೋನ್ ಒಂದಿಷ್ಟು ಅನ್ನವನ್ನೂ ಒಳಗಿಡಿಸುತ್ತಾನೆ. ಆಗ ಕೊಂದಂತೆ ಆಗುವುದಿಲ್ಲ, ಊರಿಗೆ ಕೊಲೆಯ ಮೈಲಿಗೆ ತಟ್ಟುವುದಿಲ್ಲ. ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಈ ಜಾಣತನ ಪರಿಚಿತ. ಕಣ್ಣಿಲ್ಲದ ಕಣಿಕಾರ ಟೈರಿಸಿಯಸ್ ಬಂದು ಶಪಿಸಿದ ಮೇಲೆ ಅವನಿಗೆ ನಡುಕ ಹುಟ್ಟುತ್ತದೆ. ಊರ ಹಿರಿಯರು ಮೊದಲು ಹುಡುಗಿಯನ್ನು ಬಿಡಿಸು, ಹೆಣಕ್ಕೆ ಸಮಾಧಿ ಕಟ್ಟಿಸು ಎನ್ನುತ್ತಾರೆ. ಅವನು ಹೋಗುತ್ತಾನೆ, ಆದರೆ ಮೊದಲು ಹೆಣದ ಕಡೆಗೆ. ತೊಳೆದು, ಸುಟ್ಟು, ದಿಬ್ಬ ಮಾಡಿ, ಆಮೇಲೆ ಗುಹೆಗೆ. ಅಷ್ಟರಲ್ಲಿ ಅವಳು ತನ್ನ ಸೆರಗಿನಿಂದಲೇ ಉರುಲು ಹಾಕಿಕೊಂಡಿದ್ದಳು. ಜೀವಂತ ಹುಡುಗಿಗಿಂತ ಮೊದಲು ತನ್ನ ತಪ್ಪಿನ ಕಡತ ಸರಿಮಾಡಿಕೊಳ್ಳಲು ಹೋದ. ಮಗ ಸತ್ತ, ಸುದ್ದಿ ಕೇಳಿ ಹೆಂಡತಿಯೂ ಸತ್ತಳು.

ಧಾರವಾಡದ ಎರಡನೆಯ ಕೊಂಡಿಗೆ ಬರುತ್ತೇನೆ. ಇಪ್ಪತ್ತೆರಡು ವರ್ಷದ ಗಿರೀಶ ಕಾರ್ನಾಡರು ಆಕ್ಸ್‌ಫರ್ಡಿಗೆ ಹೊರಡುವ ಗಡಿಬಿಡಿಯಲ್ಲಿ ಬರೆದ ‘ಯಯಾತಿ’ಯನ್ನು 1961ರಲ್ಲಿ ಮನೋಹರ ಗ್ರಂಥಮಾಲೆ ಪ್ರಕಟಿಸಿತು. ಆ ನಾಟಕದ ಮೇಲೆ ತಾವು ಓದಿದ ಪಾಶ್ಚಾತ್ಯ ನಾಟಕಕಾರರ, ಅದರಲ್ಲೂ ಫ್ರಾನ್ಸಿನ ಆನುಯಿಯ ‘ಆಂಟಿಗನಿ’ಯ ಪ್ರಭಾವವಿದೆ ಎಂದು ಕಾರ್ನಾಡರೇ ಬರೆದಿದ್ದಾರೆ. ಆನುಯಿಯ ನಾಟಕ ಜರ್ಮನರ ಹಿಡಿತದಲ್ಲಿದ್ದ ಪ್ಯಾರಿಸ್ಸಿನಲ್ಲಿ 1944ರಲ್ಲಿ ರಂಗಕ್ಕೆ ಬಂದದ್ದು. ಹೀಗೆ ಥೀಬ್ಸಿನ ಹುಡುಗಿ ಪ್ಯಾರಿಸ್ಸಿನ ಮೇಲೆ ಹಾದು ಧಾರವಾಡಕ್ಕೆ ಬಂದಳು. ಇಲ್ಲಿ ಅವಳ ಹೆಸರು ಚಿತ್ರಲೇಖೆ.

ಮಹಾಭಾರತದ ಯಯಾತಿಯ ಕಥೆಯಲ್ಲಿ ಪುರುವಿನ ಹೆಂಡತಿಗೆ ಜಾಗವಿಲ್ಲ. ತಂದೆ ಮಗನ ಯೌವನ ಕೇಳಿದ, ಮಗ ಕೊಟ್ಟ, ಪಿತೃಭಕ್ತಿಯ ದೊಡ್ಡ ಉದಾಹರಣೆಯಾಗಿ ಕಥೆ ಮುಗಿಯಿತು. ಕಾರ್ನಾಡರು ಆ ಮಗನಿಗೆ ಈಗಷ್ಟೇ ಕೈಹಿಡಿದ ಹೆಂಡತಿಯನ್ನು ತಂದು ನಿಲ್ಲಿಸಿದರು. ಮದುವೆಯ ಕೋಣೆಗೆ ಬಂದ ಗಂಡ ಹಣ್ಣುಹಣ್ಣು ಮುದುಕ. ಯಯಾತಿ ಅವಳಿಗೆ ಬುದ್ಧಿ ಹೇಳುತ್ತಾನೆ, ಕುಲದ ಸೊಸೆಯ ಘನತೆ, ಪತಿಯ ತ್ಯಾಗ, ಇತ್ಯಾದಿ. ಚಿತ್ರಲೇಖೆ ಆ ತರ್ಕವನ್ನು ತಳ್ಳಿಹಾಕುವುದಿಲ್ಲ, ಒಪ್ಪಿಕೊಂಡು ಇನ್ನೊಂದು ಹೆಜ್ಜೆ ಮುಂದೆ ಇಡುತ್ತಾಳೆ. ಗಂಡನ ಯೌವನವನ್ನು ತಾವು ತೆಗೆದುಕೊಂಡಿರಲ್ಲವೇ, ಹಾಗಾದರೆ ಆ ಯೌವನಕ್ಕೆ ಸೇರಿದ ಹೊಣೆಯನ್ನೂ ತೆಗೆದುಕೊಳ್ಳಿ, ನನ್ನನ್ನೂ ಸ್ವೀಕರಿಸಿ ಎನ್ನುತ್ತಾಳೆ. ಯಯಾತಿ ತತ್ತರಿಸಿಹೋಗುತ್ತಾನೆ. ಅಲ್ಲಿಯವರೆಗೆ ಧರ್ಮ ಹೇಳುತ್ತಿದ್ದ ಬಾಯಿ ಛೀ ಎನ್ನುತ್ತದೆ. ಅವಳು ವಿಷ ಕುಡಿಯುತ್ತಾಳೆ. ಆಮೇಲೆ ಯಯಾತಿ ಮುಪ್ಪನ್ನು ಮರಳಿ ಪಡೆಯುತ್ತಾನೆ, ಕ್ರೆಯೋನ್ ಗುಹೆಯ ಬಾಗಿಲಿಗೆ ಬಂದಷ್ಟೇ ತಡವಾಗಿ.

ಕನ್ನಡ ರಂಗಭೂಮಿಯಲ್ಲಿ ಅಷ್ಟು ನೇರವಾಗಿ ಮಾವನ ಮುಖಕ್ಕೆ ಮಾತಾಡಿದ ಸೊಸೆ ಅದಕ್ಕೂ ಮುಂಚೆ ನನಗೆ ಕಂಡಿಲ್ಲ. ಭಾಗೀರತಿ ಕೆರೆಯ ಮೆಟ್ಟಿಲಲ್ಲಿ ಆಡದೆ ಉಳಿಸಿದ ಮಾತು ಇಲ್ಲಿ ಹೊರಬಂತು ಎಂದು ಓದಲು ನನಗೆ ಇಷ್ಟ. ಕಾರ್ನಾಡರ ತಾಯಿ ಕೃಷ್ಣಾಬಾಯಿ ಎಳೆಯ ವಯಸ್ಸಿನಲ್ಲೇ ಕೂಸಿನೊಂದಿಗೆ ವಿಧವೆಯಾದವರು, ನರ್ಸ್ ತರಬೇತಿ ಪಡೆದು ದುಡಿದವರು, ಆ ಕಾಲದಲ್ಲಿ ಮರುಮದುವೆಯಾದವರು. ಮಗ ‘ಆಡಾಡತ ಆಯುಷ್ಯ’ದಲ್ಲಿ ಅದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದರು. ಚಿತ್ರಲೇಖೆಯ ಧೈರ್ಯ ಪೂರ್ತಿ ಪ್ಯಾರಿಸ್ಸಿನ ಆಮದಲ್ಲ ಎಂದು ನನ್ನ ಅನುಮಾನ.

ಮುಂದೆ ಇದೇ ಲೇಖಕರು ‘ನಾಗಮಂಡಲ’ದ ರಾಣಿಯನ್ನು ಪಂಚಾಯಿತಿಯ ಮುಂದೆ ನಿಲ್ಲಿಸಿದರು. ಅವಳು ಹಾವು ಹಿಡಿದು ಆಣೆ ಮಾಡುತ್ತಾಳೆ, ಅಕ್ಷರಶಃ ನಿಜವನ್ನೇ ಹೇಳುತ್ತಾಳೆ, ಹೇಳಿ ಗೆದ್ದು ದೇವಿಯಾಗುತ್ತಾಳೆ. ಕಂಬಾರರ ‘ಜೋಕುಮಾರಸ್ವಾಮಿ’ಯ ಗೌಡ್ತಿ ಮಕ್ಕಳಾಗಲಿ ಎಂದು ನೋಂಪಿ ಹಿಡಿದು ಗೌಡನಿಗಾಗಿ ಪಲ್ಯ ಮಾಡುತ್ತಾಳೆ, ಅದನ್ನು ಬಸಣ್ಣನೆಂಬವನು ತಿಂದುಬಿಡುತ್ತಾನೆ. ಗೌಡನ ಮನೆಗೆ ಬೇಕಾದ ಕುಡಿ ಬಂತು, ಬಸಣ್ಣನ ಜೀವ ಹೋಯಿತು. ಎರಡು ಕಡೆಯೂ ಊರು ಹೇಳಿಕೊಟ್ಟ ವ್ರತವನ್ನೇ, ಊರು ಕೇಳಿದ ಆಣೆಯನ್ನೇ ಹೆಣ್ಣು ನಡೆಸಿದ್ದಾಳೆ.

ಕೊನೆಯದಾಗಿ ಈ ಊರಿನ ನಾಟಕದ ಹುಡುಗ-ಹುಡುಗಿಯರಿಗೆ ಒಂದು ಬೇಡಿಕೆ. ‘ಅಂತಿಗೊನೆ’ ಆಡುವುದಾದರೆ ಕ್ರೆಯೋನನಿಗೆ ಸರ್ವಾಧಿಕಾರಿಯ ಬೂಟು ಹಾಕಿಸಬೇಡಿ, ಅದು ಬಹಳ ಆಗಿದೆ. ಧೋತರ ಉಡಿಸಿ, ಮಾವನನ್ನಾಗಿ ಮಾಡಿ. ಹೆದರುತ್ತ, ದಾರಿಯಲ್ಲಿ ನಾಲ್ಕು ಕಡೆ ನಿಂತು ಯೋಚಿಸುತ್ತ ಸುದ್ದಿ ತರುವ ಕಾವಲಿನವನು ಧಾರವಾಡದ ಮಾತಿನಲ್ಲೇ ಮಾತಾಡಲಿ: ‘ನಾ ಮಾಡಿಲ್ರಿ ಧಣ್ಯಾರ, ಯಾರ್ ಮಾಡ್ಯಾರಂತ ನೋಡೂ ಇಲ್ಲ.’ ಆ ಪಾತ್ರ ಬರೆದದ್ದೇ ಹೀಗೆ ಆಡಲಿಕ್ಕೆ.

ಇಸ್ಮೆನೆಯನ್ನು ಒಳ್ಳೆಯ ನಟಿಗೆ ಕೊಡಿ. ಅಂತಿಗೊನೆಯ ಒಡಹುಟ್ಟಿದ ಈ ಹುಡುಗಿ ಮೊದಲು ನಾವು ಹೆಂಗಸರು, ಗಂಡಸರ ಎದುರು ನಿಲ್ಲಲಾರೆವು ಎಂದು ಹಿಂಜರಿಯುತ್ತಾಳೆ, ಆಮೇಲೆ ನಾನೂ ಪಾಲುಗಾರ್ತಿ ಎಂದು ಮುಂದೆ ಬರುತ್ತಾಳೆ. ಅಂತಿಗೊನೆ ಅವಳನ್ನು ಒರಟಾಗಿ ದೂರ ತಳ್ಳುತ್ತಾಳೆ. ಮೊದಲ ಸಲ ಗುಟ್ಟಾಗಿ ಮಣ್ಣು ಕೊಟ್ಟು ಬಂದವಳು ಇಸ್ಮೆನೆಯೇ ಇರಬಹುದು ಎಂದು ಬಾನಿ ಹಾನಿಗ್ ಎಂಬ ಅಮೆರಿಕದ ವಿದುಷಿ ವಾದಿಸಿದ್ದಾರೆ. ನಾನು ಪೂರ್ತಿ ಒಪ್ಪಿಲ್ಲ, ಆದರೆ ಆ ಅನುಮಾನ ಇಟ್ಟುಕೊಂಡು ಪಾತ್ರ ಮಾಡಿದರೆ ನಾಟಕಕ್ಕೆ ಕಸುವು ಬರುತ್ತದೆ. ನಾಟಕದ ನಡುವೆ ಒಳಗೆ ಹೋದ ಇಸ್ಮೆನೆಯನ್ನು ಸೊಫೊಕ್ಲಿಸ್ ಮತ್ತೆ ಹೊರಗೆ ತರುವುದಿಲ್ಲ, ಯಾರೂ ಅವಳ ಹೆಸರೆತ್ತುವುದಿಲ್ಲ. ಲೆಕ್ಕ ಹಾಕಿ ನೋಡಿ: ಅಣ್ಣಂದಿರು ಇಲ್ಲ, ಅಂತಿಗೊನೆ ಇಲ್ಲ, ಹೀಮನ್ ಇಲ್ಲ, ಅತ್ತೆ ಇಲ್ಲ. ಆ ದೊಡ್ಡ ಮನೆಯಲ್ಲಿ ಉಳಿದವರು ಮಾವ ಮತ್ತು ಇವಳು. ಮರುದಿನ ಸತ್ತವರಿಗೆಲ್ಲ ತರ್ಪಣ ಬಿಡುವ ಕೆಲಸ ಯಾರದು? ಅವಳದೇ. ಕಂಚಿನ ತಂಬಿಗೆ ಎತ್ತಿಕೊಳ್ಳಲು ಈ ಸಲ ಅವಳು ಯಾರ ಅಪ್ಪಣೆ ಕೇಳಬೇಕು, ಮಾವ ಏನು ಹೇಳಬೇಕು? ಆ ದೃಶ್ಯವನ್ನು ಇನ್ನೂ ಯಾರೂ ಕನ್ನಡದಲ್ಲಿ ಬರೆದಂತಿಲ್ಲ. ಈ ಸಭೆಯಲ್ಲಿ ಬರೆಯುವ ಕೈಗಳಿವೆ ಎಂದು ನನಗೆ ಗೊತ್ತು.